ಗಂಗಾವತಿಯಿಂದ ಹುಲಿಗಿವರೆಗೆ: ತುಂಗಭದ್ರೆಯ ಎಡದಂಡೆಯಲ್ಲಿ ಒಂದು ದಿನದ ರೋಡ್ ಟ್ರಿಪ್

ಕೊಪ್ಪಳ ಜಿಲ್ಲೆಯಲ್ಲಿ ಗಾಡಿ ಓಡಿಸುವುದಕ್ಕಾಗಿಯೇ ಒಂದು ದಿನ ಎತ್ತಿಡಬಹುದಾದ ರಸ್ತೆ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಆನೆಗೊಂದಿಯಿಂದ ಸಾಣಾಪುರ, ಶಿವಪುರ ಹಾದು ಹುಲಿಗಿ ಸೇರುವ ದಾರಿ. ಉದ್ದ ಮೂವತ್ತು ಕಿಲೋಮೀಟರ್ ಆಸುಪಾಸು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಬಂಡೆಗಳ ಗುಡ್ಡ. ನಡುವೆ ಭತ್ತದ ಗದ್ದೆ, ಬಾಳೆ ತೋಟ, ಕಾಲುವೆ. ರಸ್ತೆ ಬಂಡೆಗಳನ್ನು ಬಳಸಿಕೊಂಡು ಹೋಗುವುದರಿಂದ ತಿರುವು ಜಾಸ್ತಿ. ಒಂದು ತಿರುವಿನಲ್ಲಿ ಗದ್ದೆ ಕಂಡರೆ ಮುಂದಿನದರಲ್ಲಿ ಬರೀ ಕಲ್ಲು, ಅದರ ಮುಂದೆ ನೀರು.

ಎಲ್ಲೂ ನಿಲ್ಲಿಸದೆ ಹೋದರೆ ಈ ದಾರಿ ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆ. ಬಹಳ ಜನ ಮಾಡುವುದೂ ಅದನ್ನೇ. ಅಂಜನಾದ್ರಿ ಹತ್ತಿ ಇಳಿದು, ಸಾಣಾಪುರ ಕೆರೆ ಎದುರು ಫೋಟೊ ತೆಗೆದು, ಸಂಜೆಯೊಳಗೆ ಹಂಪಿಯನ್ನೂ ನೋಡಿ ಬಿಡೋಣ ಅಂತ ಓಡುತ್ತಾರೆ. ಹಾಗೆ ಓಡಿದರೆ ಎರಡೂ ಕೈಗೆ ಸಿಗುವುದಿಲ್ಲ. ಹಂಪಿಗೆ ಬೇರೆ ದಿನ ಇಡಿ. ಹಿರೇಬೆಣಕಲ್‌ನ ಶಿಲಾಸಮಾಧಿಗಳಿಗೂ ಬೇರೆ ದಿನ ಇಡಿ, ಆ ಗುಡ್ಡ ಹತ್ತಿ ಇಳಿಯುವುದಕ್ಕೇ ಅರ್ಧ ದಿನ ಬೇಕು. ಕನಕಗಿರಿಯ ಮಾತೂ ಅಷ್ಟೇ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಗಾದೆಯೇ ಇದೆ. ಆ ಕಣ್ಣನ್ನು ಇನ್ನೊಂದು ಭಾನುವಾರಕ್ಕೆ ಉಳಿಸಿಕೊಳ್ಳಿ.

ನಾನಿಲ್ಲಿ ಕೊಪ್ಪಳದಿಂದ ಹೊರಟು ಕೊಪ್ಪಳಕ್ಕೇ ಮರಳುವ ಸುತ್ತನ್ನು ಹೇಳುತ್ತಿದ್ದೇನೆ. ಕೊಪ್ಪಳ–ಗಂಗಾವತಿ ಸುಮಾರು 45 ಕಿಲೋಮೀಟರ್, ಅಲ್ಲಿಂದ ಆನೆಗೊಂದಿ ಹನ್ನೆರಡರ ಹತ್ತಿರ, ಆಮೇಲೆ ನಮ್ಮ ಮೂವತ್ತು, ಹುಲಿಗಿಯಿಂದ ಹೆದ್ದಾರಿಯಲ್ಲಿ ಕೊಪ್ಪಳಕ್ಕೆ ಇಪ್ಪತ್ತೈದರ ಒಳಗೆ. ಒಟ್ಟು 110–120 ಕಿಲೋಮೀಟರ್. ಬೈಕಿಗೂ ಕಾರಿಗೂ ಆಗುವ ದೂರ.

ಯಾವ ತಿಂಗಳು, ಯಾವ ವಾರ

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಮಾರ್ಚ್ ಕಳೆದ ಮೇಲೆ ಬಿಸಿಲು ನಲವತ್ತು ದಾಟುತ್ತದೆ, ಬಂಡೆಗಳು ಕಾದು ರಾತ್ರಿವರೆಗೂ ಬಿಸಿ ಉಗುಳುತ್ತವೆ. ಏಪ್ರಿಲ್–ಮೇನಲ್ಲಿ ಹೋಗಲೇಬೇಕು ಎಂದರೆ ಬೆಳಗಿನ ಪಾಳಿ ಮುಗಿಸಿ ಹನ್ನೊಂದಕ್ಕೆಲ್ಲ ನೆರಳು ಸೇರಿ, ಮತ್ತೆ ನಾಲ್ಕಕ್ಕೆ ಹೊರಡಿ.

ಹಸಿರು ಬೇಕೆನ್ನುವವರ ಲೆಕ್ಕ ಬೇರೆ. ಮುಂಗಾರು ಭತ್ತ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕಣ್ಣು ತಂಪಾಗುವಷ್ಟು ಬೆಳೆದಿರುತ್ತದೆ. ನವೆಂಬರ್–ಡಿಸೆಂಬರ್‌ನಲ್ಲಿ ಅದು ಬಂಗಾರದ ಬಣ್ಣಕ್ಕೆ ತಿರುಗಿ ಕೊಯ್ಲಾಗುತ್ತದೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಫೆಬ್ರವರಿ–ಮಾರ್ಚ್‌ನಲ್ಲೂ ಹಸಿರು ಸಿಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ವಿಷಯ ಗಮನಿಸಿ. ತುಂಗಭದ್ರಾ ಡ್ಯಾಂ ತುಂಬಿ ಗೇಟು ತೆರೆದರೆ ನದಿ ಉಕ್ಕುತ್ತದೆ. ಆಗ ದೋಣಿ, ಹರಿಗೋಲು ಎಲ್ಲ ಬಂದ್. ಹೊರಡುವ ಹಿಂದಿನ ದಿನ ಡ್ಯಾಂನಿಂದ ನದಿಗೆ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ನೋಡಿಕೊಳ್ಳಿ.

ವಾರದ ವಿಷಯದಲ್ಲಿ ನನ್ನ ಆಯ್ಕೆ ಬುಧವಾರ ಅಥವಾ ಗುರುವಾರ. ಶನಿವಾರ ಅಂಜನಾದ್ರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಜನ ಬರುತ್ತಾರೆ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಇಡೀ ಊರಿಗೆ ಊರೇ ಬಂದಿರುತ್ತದೆ. ಭಾನುವಾರ ಬೆಂಗಳೂರು, ಹೈದರಾಬಾದ್ ಕಾರುಗಳು. ಡಿಸೆಂಬರ್ ಹೊತ್ತಿಗೆ ಬರುವ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಈ ಕಡೆ ತಲೆಯನ್ನೂ ಹಾಕಬೇಡಿ, ಮಾಲೆ ಹಾಕಿದವರಾದರೆ ಮಾತು ಬೇರೆ. ಜನವರಿಯಲ್ಲಿ ಗವಿಮಠದ ಜಾತ್ರೆ ಇದ್ದಾಗ ಕೊಪ್ಪಳದಿಂದ ಹೊರಬೀಳುವುದೇ ಒಂದು ಸಾಹಸ.

ಯಾವ ಕಡೆಯಿಂದ ಶುರು ಮಾಡಬೇಕು

ಹುಲಿಗಿ ಕಡೆಯಿಂದ ಶುರು ಮಾಡಿದರೆ ದಾರಿ ಸಲೀಸು ಅನ್ನಿಸುತ್ತದೆ. ಆದರೆ ಹಾಗೆ ಹೋದರೆ ಅಂಜನಾದ್ರಿ ತಲುಪುವ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ ಬಂದಿರುತ್ತಾನೆ. 575 ಮೆಟ್ಟಿಲನ್ನು ಆ ಹೊತ್ತಿನಲ್ಲಿ ಹತ್ತುವುದು ಯಾರಿಗೂ ಬೇಡ. ಆದ್ದರಿಂದ ಗಂಗಾವತಿ ಕಡೆಯಿಂದಲೇ ಹೋಗಿ. ಬೆಳಿಗ್ಗೆ ಐದಕ್ಕೆ ಕೊಪ್ಪಳ ಬಿಟ್ಟರೆ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿರುತ್ತೀರಿ. ಈ ದಿಕ್ಕಿಗೆ ಒಂದು ತೊಂದರೆ ಇದೆ: ಸಂಜೆ ಸಾಣಾಪುರದಿಂದ ಹುಲಿಗಿಗೆ ಹೋಗುವಾಗ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಕೂಲಿಂಗ್ ಗ್ಲಾಸ್ ಇಟ್ಟುಕೊಳ್ಳಿ, ಬೈಕಿನವರು ಹೆಲ್ಮೆಟ್ ಗಾಜು ಒರೆಸಿಕೊಳ್ಳಿ. ಈ ದಿಕ್ಕಿಗೆ ಲಾಭವೂ ಇದೆ. ನದಿ ಇಡೀ ದಾರಿ ನಿಮ್ಮ ಎಡಗಡೆಗೇ ಇರುತ್ತದೆ, ಅಂದರೆ ಗಾಡಿ ಪಕ್ಕಕ್ಕೆ ಹಾಕಿ ನೋಡಬೇಕೆಂದರೆ ರಸ್ತೆ ದಾಟುವ ಗೋಜಿಲ್ಲ.

ಪೆಟ್ರೋಲನ್ನು ಕೊಪ್ಪಳದಲ್ಲೋ ಗಂಗಾವತಿಯಲ್ಲೋ ತುಂಬಿಸಿಬಿಡಿ. ಚಿಲ್ಲರೆ ನೋಟು ಇರಲಿ. ಬಂಡೆಗಳ ನಡುವೆ ಫೋನ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಎಳನೀರಿನವನ ಮುಂದೆ ನಿಂತು ಸ್ಕ್ಯಾನ್ ಆಗಲಿಲ್ಲ ಅಂತ ಪೇಚಾಡುವುದು ಬೇಡ. ತಲೆಗೆ ಟೋಪಿ, ತಲಾ ಎರಡು ಲೀಟರ್ ನೀರು, ನದಿ ದಂಡೆಯಲ್ಲಿ ಜಾರದ ಚಪ್ಪಲಿ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಆದರೆ ಅದನ್ನು ಪೂರ್ತಿ ನಂಬಬೇಡಿ. ಸಾಣಾಪುರ ಕಡೆಯಿಂದ ನೋಡಿದರೆ ಹಂಪಿ ಆಚೆ ದಡದಲ್ಲೇ ಇದೆ. ಗಾಡಿಯಲ್ಲಿ ಹೋಗುವುದಕ್ಕೆ ಮಾತ್ರ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಸುತ್ತಬೇಕು, ಇಲ್ಲವೇ ಹೊಸಪೇಟೆ ಸುತ್ತಬೇಕು. ಹಳೆಯ ಟ್ರಾವೆಲ್ ಬರಹಗಳಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ವರ್ಣನೆ ಇನ್ನೂ ಇದೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅವನ್ನು ತೆರವು ಮಾಡಿದ್ದಾರೆ. ಅಲ್ಲಿ ಉಳಿಯುವ ಯೋಚನೆ ಬೇಡ.

ಮೊದಲ ನಿಲುಗಡೆ: ಅಂಜನಾದ್ರಿ

ಗಂಗಾವತಿಯಿಂದ ಬಂದವರು ಆನೆಗೊಂದಿಯಲ್ಲಿ ನಿಲ್ಲದೆ ನೇರ ಬೆಟ್ಟಕ್ಕೆ ಹೋಗಿ. ಆಮೇಲೆ ಹಿಂದಕ್ಕೆ ಬರಬೇಕಾಗುತ್ತದೆ, ನಾಲ್ಕೈದು ಕಿಲೋಮೀಟರ್ ತಾನೇ.

ಆಂಜನೇಯ ಹುಟ್ಟಿದ್ದು ಇಲ್ಲಿ ಎಂದು ಭಕ್ತರ ನಂಬಿಕೆ. ಆರೋಗ್ಯ ಚೆನ್ನಾಗಿರುವವರು ಅರ್ಧ ಗಂಟೆಯಲ್ಲಿ ಹತ್ತುತ್ತಾರೆ, ವಯಸ್ಸಾದವರು ಒಂದು ಗಂಟೆ ಇಟ್ಟುಕೊಳ್ಳಲಿ. ಕೋತಿಗಳಿಗೆ ಪ್ಲಾಸ್ಟಿಕ್ ಚೀಲ ಎಂದರೆ ತಿಂಡಿ ಎಂದೇ ಅರ್ಥ. ಬಾಳೆಹಣ್ಣು, ತೆಂಗಿನಕಾಯಿಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಒಳಗೆ ಇಟ್ಟುಕೊಳ್ಳಿ, ಕನ್ನಡಕ ಜೋಪಾನ.

ಮೇಲೆ ಹತ್ತಿದವರು ದರ್ಶನ ಮುಗಿಸಿ ತಕ್ಷಣ ಇಳಿದುಬಿಡುತ್ತಾರೆ. ನೀವು ಗುಡಿಯ ಹಿಂದಿನ ಬಂಡೆ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಇವತ್ತು ಓಡಾಡುವ ದಾರಿಯ ಬಹುಪಾಲು ಅಲ್ಲಿಂದಲೇ ಕಾಣುತ್ತದೆ. ನದಿ ಎಲ್ಲಿ ತಿರುಗುತ್ತದೆ, ಗದ್ದೆ ಎಲ್ಲಿ ಮುಗಿದು ಗುಡ್ಡ ಎಲ್ಲಿ ಶುರುವಾಗುತ್ತದೆ, ಆಚೆ ದಡದಲ್ಲಿ ವಿರೂಪಾಕ್ಷನ ಗೋಪುರ ಎಲ್ಲಿದೆ ಅಂತ ಗುರುತು ಹಾಕಿಕೊಂಡರೆ ಕೆಳಗೆ ಮ್ಯಾಪಿನ ಅಗತ್ಯ ಅರ್ಧ ಕಡಿಮೆಯಾಗುತ್ತದೆ. ಅದೇ ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವವರನ್ನೂ ನೋಡುತ್ತೀರಿ. ಮಂಜು ಬಿದ್ದ ಬೆಳಿಗ್ಗೆ ಕಲ್ಲು ಜಾರುತ್ತದೆ, ದೂರ ಇರಿ.

ಆನೆಗೊಂದಿ: ತಿಂಡಿ, ಕೋಟೆ, ನಡುಗಡ್ಡೆ

ಇಳಿದು ಆನೆಗೊಂದಿಗೆ ಬಂದರೆ ಎಂಟೂವರೆ. ಒಗ್ಗರಣಿ–ಮಿರ್ಚಿ ತಿನ್ನಿ. ಈ ಭಾಗದಲ್ಲಿ ಬೆಳಗಿನ ತಿಂಡಿ ಎಂದರೆ ಅದೇ: ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ಪುಟಾಣಿ ಹಿಟ್ಟು, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ. ಊರಿಗೆ ಹೊಸಬರಾದರೆ ಮೊದಲ ಮಿರ್ಚಿಯನ್ನು ನಿಧಾನವಾಗಿ ಕಚ್ಚಿ.

ಆನೆಗೊಂದಿ ವಿಜಯನಗರಕ್ಕಿಂತ ಹಳೆಯ ಊರು. ಆದರೆ ಇಲ್ಲಿ ಹಂಪಿಯಂತೆ ಟಿಕೆಟ್, ಬೇಲಿ ಏನೂ ಇಲ್ಲ. ಕೋಟೆ ಬಾಗಿಲಿನ ಪಕ್ಕದಲ್ಲೇ ಎಮ್ಮೆ ಕಟ್ಟಿರುತ್ತಾರೆ, ಮಂಟಪದ ಕಟ್ಟೆ ಮೇಲೆ ಹುಣಸೆಹಣ್ಣು ಒಣಗುತ್ತಿರುತ್ತದೆ. ನನಗೆ ಹಂಪಿಗಿಂತ ಇದು ಇಷ್ಟವಾಗುವುದು ಅದಕ್ಕೇ. ಗಾಡಿಯನ್ನು ರಂಗನಾಥಸ್ವಾಮಿ ಗುಡಿ ಹತ್ತಿರ ಬಿಟ್ಟು ನಡೆಯಿರಿ. ಗಗನ ಮಹಲ್ ಅಲ್ಲೇ ಇದೆ. ಓಣಿಗಳಲ್ಲಿ ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಣ್ಣುಮಕ್ಕಳು ಸಿಗುತ್ತಾರೆ. ಕೊಳ್ಳುವ ಮನಸ್ಸಿದ್ದರೆ ಅವರಿಂದಲೇ ಕೊಳ್ಳಿ, ಚೌಕಾಸಿ ಜಾಸ್ತಿ ಬೇಡ. ನದಿ ದಂಡೆಗೆ ಹೋದರೆ 64 ಕಂಬದ ಮಂಟಪ. ಕೃಷ್ಣದೇವರಾಯನ ಸಮಾಧಿ ಅಂತ ಊರವರು ತೋರಿಸುತ್ತಾರೆ. ಹೊಳೆ ಬಂದಾಗ ಅದು ನೀರಿನಲ್ಲಿ ಮುಳುಗುತ್ತದೆ, ಟಿವಿಯಲ್ಲಿ ಪ್ರವಾಹದ ಸುದ್ದಿ ಬಂದಾಗಲೆಲ್ಲ ತೋರಿಸುವುದು ಇದನ್ನೇ.

ಈಗ ನವಬೃಂದಾವನ. ಇಡೀ ದಿನದಲ್ಲಿ ಒಂದೇ ಒಂದು ಕಡೆ ಗಾಡಿ ಬಿಟ್ಟು ಹೆಚ್ಚು ಹೊತ್ತು ಕಳೆಯಬೇಕು ಎಂದರೆ ಅದು ಇಲ್ಲೇ. ತುಂಗಭದ್ರೆಯ ನಡುವೆ ಇರುವ ನಡುಗಡ್ಡೆ. ಆನೆಗೊಂದಿ ದಡದಿಂದ ದೋಣಿಯಲ್ಲಿ ಹೋಗಬೇಕು. ಅಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳಿವೆ. ಪದ್ಮನಾಭತೀರ್ಥರದು ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು. ನಡುವೆ ಇರುವುದು ವ್ಯಾಸರಾಯರದು, ಪುರಂದರದಾಸರ ಗುರುಗಳು, 1539ರಲ್ಲಿ ತೀರಿಕೊಂಡವರು. 2019ರ ಜುಲೈನಲ್ಲಿ ನಿಧಿ ಆಸೆಗೆ ಕಳ್ಳರು ಈ ಬೃಂದಾವನವನ್ನೇ ಕೆಡವಿದ್ದರು. ಭಕ್ತರು ಒಟ್ಟಾಗಿ ಮತ್ತೆ ಕಟ್ಟಿ ನಿಲ್ಲಿಸಿದರು. ಹೋಗುವವರು ನಾಲ್ಕು ಮಾತು ನೆನಪಿಡಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಮರಳಿ ಬರುವ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವ ಮುಂಚೆಯೇ ಕೇಳಿಕೊಳ್ಳಿ. ಅದು ಪೂಜೆ ನಡೆಯುವ ಜಾಗ, ಚಡ್ಡಿ ಹಾಕಿಕೊಂಡು ಹೋಗುವುದು, ಗಟ್ಟಿಯಾಗಿ ಕೂಗುವುದು ಸರಿಯಲ್ಲ. ಹೊಳೆಯಲ್ಲಿ ನೀರು ಹೆಚ್ಚಿದೆ, ಇವತ್ತು ದೋಣಿ ಇಲ್ಲ ಅಂತ ದೋಣಿಯವರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಹೆಚ್ಚು ದುಡ್ಡು ಕೊಡುತ್ತೇವೆ ಅಂತ ಒತ್ತಾಯ ಮಾಡಬೇಡಿ.

ಹೋಗಿ ಬರಲು ಎರಡು ಗಂಟೆ ಹಿಡಿಯುತ್ತದೆ. ದೋಣಿ ಇಲ್ಲದ ದಿನ ಆ ಹೊತ್ತನ್ನು ಆನೆಗೊಂದಿ ಓಣಿಗಳಲ್ಲೇ ಕಳೆಯಿರಿ.

ಪಂಪಾ ಸರೋವರದಿಂದ ಸಾಣಾಪುರಕ್ಕೆ

ಹನ್ನೊಂದೂವರೆಗೆ ಮತ್ತೆ ಗಾಡಿ ಹತ್ತಿ. ಪಂಪಾ ಸರೋವರ ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗಿದೆ. ಚಿಕ್ಕ ಕೊಳ, ಲಕ್ಷ್ಮಿ ಗುಡಿ, ಶಬರಿ ಕಾದಿದ್ದಳು ಅನ್ನುವ ಗುಹೆ. ಕಾಲು ಗಂಟೆ ಸಾಕು.

ಅಲ್ಲಿಂದ ಹನುಮನಹಳ್ಳಿ ದಾಟಿ ಸಾಣಾಪುರ ತಲುಪುವವರೆಗಿನದು ಈ ರಸ್ತೆಯ ತಿರುಳು. ಗಾಡಿ ಮೂವತ್ತು–ನಲವತ್ತರ ಮೇಲೆ ಹೋಗದಿರಲಿ. ಬಂಡೆಗಳು ಒಂದರ ಮೇಲೊಂದು ಹೇಗೆ ನಿಂತಿವೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ವಾಲಿ–ಸುಗ್ರೀವರ ಜಗಳದಲ್ಲಿ ಎಸೆದಾಡಿದ ಕಲ್ಲು ಅಂತ ಹೇಳಿದರೆ ಅವರಿಗೆ ಖುಷಿ. ಇದು ಕಿಷ್ಕಿಂಧೆ ತಾನೇ. ದೊಡ್ಡವರಿಗೆ ಇನ್ನೊಂದು ಕಥೆಯೂ ಇದೆ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು, ಅಲ್ಲಿನ ಬೆಟ್ಟಗಳೂ ಇದೇ ಕಲ್ಲಿನವು. ನೆಲದೊಳಗಿದ್ದಾಗಲೇ ಕಲ್ಲು ಅಡ್ಡ ಉದ್ದ ಬಿರುಕು ಬಿಟ್ಟಿತು. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನು ಕರಗಿಸಿ ಗುಂಡಗೆ ಮಾಡಿತು. ಆಮೇಲೆ ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಗುಂಡುಗಳು ಇದ್ದಲ್ಲೇ ಉಳಿದವು. ಯಾರೂ ಎತ್ತಿ ಇಟ್ಟದ್ದಲ್ಲ, ಅವು ಅಲ್ಲಿಯೇ ಇದ್ದವು.

ದಾರಿಯಲ್ಲಿ ಕಾಣುವ ನೀರಿನ ಕಡೆಗೂ ಗಮನ ಕೊಡಿ, ಇಲ್ಲಿ ಎರಡು ಕಾಲದ ನೀರಾವರಿ ಒಟ್ಟಿಗಿದೆ. ಎತ್ತರದಲ್ಲಿ ಗುಡ್ಡದ ಅಂಚು ಹಿಡಿದು ಹೋಗುವ ದೊಡ್ಡ ಕಾಲುವೆ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ, 1953ರಲ್ಲಿ ಮುಗಿದ ಡ್ಯಾಂ ಜೊತೆಯದು. ಕೆಳಗೆ ನದಿಗೆ ಹತ್ತಿರವಾಗಿ ಹರಿಯುವ ಸಣ್ಣ ಕಾಲುವೆಗಳು ವಿಜಯನಗರ ಕಾಲದವು. ಹುಲಿಗಿ, ಶಿವಪುರ, ಆನೆಗೊಂದಿ ಕಾಲುವೆ ಅಂತ ಅವುಗಳಿಗೆ ಊರಿನ ಹೆಸರೇ ಇದೆ. ಅರಸೊತ್ತಿಗೆ ಹೋಗಿ ನಾಲ್ಕೂವರೆ ಶತಮಾನ ಆಯಿತು, ಕಾಲುವೆ ಇನ್ನೂ ಗದ್ದೆಗೆ ನೀರು ಕೊಡುತ್ತಿದೆ. ಹಂಪಿಯ ಕಲ್ಲಿನ ರಥಕ್ಕಿಂತ ಇದನ್ನು ದೊಡ್ಡ ಸ್ಮಾರಕ ಅಂತ ನಾನು ಲೆಕ್ಕ ಹಾಕುತ್ತೇನೆ.

ಊಟಕ್ಕೆ ಸಾಣಾಪುರ, ಹನುಮನಹಳ್ಳಿ ಕಡೆ ಕೆಫೆಗಳಿವೆ. ಪಿಜ್ಜಾ, ಪಾಸ್ತಾ ಸಿಗುತ್ತದೆ. ನನ್ನ ಸಲಹೆ: ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು ಕಟ್ಟಿಕೊಂಡು ಹೋಗಿ, ಬಂಡೆ ನೆರಳಿನಲ್ಲಿ ಕೂತು ಉಣ್ಣಿ. ಎಲೆ, ಕಾಗದ, ಬಾಟಲಿ ಎಲ್ಲ ಗಾಡಿಯಲ್ಲೇ ವಾಪಸ್ ತನ್ನಿ.

ಸಾಣಾಪುರ ಕೆರೆ ಮತ್ತು ನೀರಿನ ಎಚ್ಚರ

ಸಾಣಾಪುರ ಕೆರೆ ಎಡದಂಡೆ ಕಾಲುವೆಗೆ ಸೇರಿಕೊಂಡ ಕೆರೆ. ಸುತ್ತ ಬಂಡೆ, ನಡುವೆ ನೀಲಿ ನೀರು. ಹರಿಗೋಲಿನಲ್ಲಿ ಸುತ್ತಿಸುತ್ತಾರೆ. ದರವನ್ನು ಹತ್ತುವ ಮುಂಚೆಯೇ ತಲೆಗೆ ಇಷ್ಟೋ, ಹರಿಗೋಲಿಗೆ ಇಷ್ಟೋ ಅಂತ ಸ್ಪಷ್ಟ ಮಾಡಿಕೊಳ್ಳಿ. ಗರಗರ ತಿರುಗಿಸುವ ಆಟ ಬೇಡ ಅನ್ನುವವರು ಮೊದಲೇ ಹೇಳಿ, ಹೊಟ್ಟೆ ತುಂಬಿದ ಹೊತ್ತು ನೋಡಿ!

ಈಜಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕೆರೆಯಲ್ಲೂ, ಕಾಲುವೆಯಲ್ಲೂ, ಹೊಳೆಯಲ್ಲೂ ಮೇಲೆ ನೀರು ಶಾಂತವಾಗಿ ಕಂಡರೂ ಕೆಳಗೆ ಸೆಳವು ಇರುತ್ತದೆ, ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಬಂಡೆ ಮೇಲಿಂದ ನೀರಿಗೆ ಹಾರಿ ಜೀವ ಕಳೆದುಕೊಂಡವರ ಸುದ್ದಿ ವರ್ಷವೂ ಬರುತ್ತದೆ. ಹೊಳೆಯಲ್ಲಿ ಮೊಸಳೆಯೂ ಇವೆ. ಅದೃಷ್ಟ ಇದ್ದರೆ ನೀರುನಾಯಿಯೂ ಕಾಣಬಹುದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ. ನೀವು ಪಕ್ಕದಲ್ಲೇ ಹೋಗುತ್ತಿರುವುದು ಆ ನದಿಯೇ. ದಂಡೆಯಲ್ಲಿ ಗದ್ದಲವಿಲ್ಲದೆ ಕೂತರೆ ಮಾತ್ರ ಅದು ತಲೆ ಎತ್ತುತ್ತದೆ.

ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಹಗಲು ರಸ್ತೆಯಲ್ಲಿ ಭಯವಿಲ್ಲ. ಸೂರ್ಯಾಸ್ತ ನೋಡಲು ಬಂಡೆ ಹತ್ತಿ ಕತ್ತಲಾಗುವವರೆಗೆ ಕೂರುವುದು, ಅದರಲ್ಲೂ ಒಬ್ಬರೇ ಕೂರುವುದು ಬೇಡ.

ರಸ್ತೆ ಮೇಲಿನ ನಡವಳಿಕೆ

ಇದು ಪ್ರವಾಸಿಗರಿಗಾಗಿ ಹಾಕಿದ ರಸ್ತೆ ಅಲ್ಲ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ರಸ್ತೆಯ ಅಗಲಕ್ಕೂ ಹರಡಿಕೊಂಡು ಬರುವ ಭತ್ತ ಕೊಯ್ಯುವ ಮಷೀನು, ಟಂಟಂ, ಕುರಿ ಹಿಂಡು ಎಲ್ಲ ಇದರಲ್ಲೇ. ಬಂಡೆ ಮರೆಯ ತಿರುವುಗಳಲ್ಲಿ ಎದುರಿನ ಗಾಡಿ ಕಾಣುವುದಿಲ್ಲ, ಹಾರ್ನ್ ಹೊಡೆದು ನಿಮ್ಮ ಎಡಕ್ಕೆ ಅಂಟಿಕೊಂಡು ಹೋಗಿ. ಹಿಂದೆ ಊರಿನ ಗಾಡಿ ಬಂದರೆ ಜಾಗ ಸಿಕ್ಕ ಕಡೆ ಪಕ್ಕಕ್ಕೆ ತೆಗೆದು ಬಿಟ್ಟುಕೊಡಿ. ನಿಮಗೆ ರಜೆ, ಅವರಿಗೆ ಕೆಲಸದ ದಿನ. ಕುರಿ ಬಂದರೆ ಎಂಜಿನ್ ಆರಿಸಿ ನಿಂತುಬಿಡಿ. ಹಾರ್ನ್ ಹೊಡೆದರೆ ಅವು ಚೆದುರಿ ಗದ್ದೆಗೆ ನುಗ್ಗುತ್ತವೆ, ಕುರಿ ಕಾಯುವ ಅಜ್ಜನಿಗೆ ಅರ್ಧ ಗಂಟೆ ಕೆಲಸ.

ಪ್ರತಿ ಊರಿನ ಎರಡೂ ತುದಿಗೆ ಹಂಪ್ ಇರುತ್ತದೆ, ಎಲ್ಲಕ್ಕೂ ಬಣ್ಣ ಬಳಿದಿರುವುದಿಲ್ಲ. ಫೋಟೊಗೆ ನಿಲ್ಲಿಸುವಾಗ ತಿರುವಿನಲ್ಲಿ ನಿಲ್ಲಿಸಬೇಡಿ. ಗದ್ದೆಗೆ ಇಳಿಯುವ ಗಾಡಿ ದಾರಿಗೆ ಅಡ್ಡ ಹಾಕಬೇಡಿ, ಕಾಲುವೆ ಏರಿ ಮೇಲೆ ಕಾರು ಹತ್ತಿಸಬೇಡಿ. ನಾಟಿ ಹಚ್ಚುವ ಹೆಣ್ಣುಮಕ್ಕಳ ಫೋಟೊ ಬೇಕೆಂದರೆ, ಅಕ್ಕಾ ತೆಗೀಲೇನು ಅಂತ ಒಂದು ಮಾತು ಕೇಳಿ. ಬದುವಿನ ಮೇಲೆ ನಡೆದರೆ ಸಾಕು, ಬೆಳೆಯಲ್ಲಿ ಕಾಲಿಡಬೇಡಿ.

ಶಿವಪುರ, ಹುಲಿಗಿ, ಡ್ಯಾಂ

ನಾಲ್ಕರ ಹೊತ್ತಿಗೆ ಸಾಣಾಪುರ ಬಿಡಿ. ಶಿವಪುರದ ಕಡೆ ಬರುತ್ತಾ ಬಂಡೆ ಕಡಿಮೆಯಾಗಿ ಹೊಲ, ತೋಟ ಜಾಸ್ತಿಯಾಗುತ್ತದೆ. ಅಲ್ಲಿ ವಿಶೇಷವಾಗಿ ನಿಲ್ಲುವುದು ಏನೂ ಇಲ್ಲ, ಚಹಾ ಬೇಕಾದರೆ ಕುಡಿಯಿರಿ.

ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನ ಮಾಡುವವರು ಮಾಡಿ. ಪಕ್ಕದಲ್ಲೇ ಮುನಿರಾಬಾದ್, ತುಂಗಭದ್ರಾ ಡ್ಯಾಂನ ಎಡ ತುದಿ. 1945ರಲ್ಲಿ ಕೆಲಸ ಶುರುವಾದಾಗ ಈ ದಡ ಹೈದರಾಬಾದ್ ನಿಜಾಮರ ಸೀಮೆ, ಆಚೆ ದಡ ಮದ್ರಾಸ್ ಪ್ರಾಂತ್ಯ. ಎರಡೂ ಸರ್ಕಾರ ಸೇರಿ ಕಟ್ಟಿದ್ದು. ಗೇಟುಗಳು 33. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಗಿತ್ತು, ಒಂದು ವಾರ ಈ ಭಾಗದ ರೈತರು ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ತುಂಡುಗಳನ್ನು ಇಳಿಸಿ ನೀರು ಉಳಿಸಿಕೊಂಡರು. ಕಟ್ಟಿದಾಗ 130 ಟಿಎಂಸಿಗೂ ಹೆಚ್ಚು ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಬೆಳಿಗ್ಗೆಯಿಂದ ನೋಡಿದ ಗದ್ದೆಗಳ ಭವಿಷ್ಯ ಆ ಲೆಕ್ಕದಲ್ಲಿದೆ. ಡ್ಯಾಂ ಮೇಲೆ ಗಾಡಿ ಬಿಡುವುದಿಲ್ಲ, ಹಿನ್ನೀರಿನ ದಂಡೆಯಿಂದ ನೋಡಿ.

ಏನೇ ಆದರೂ ಕತ್ತಲಾಗುವ ಮುಂಚೆ ಹೆದ್ದಾರಿ ಸೇರಿ. ಕೊಯ್ಲಿನ ತಿಂಗಳುಗಳಲ್ಲಿ ರೈತರು ಭತ್ತವನ್ನು ಟಾರು ರಸ್ತೆ ಮೇಲೇ ಒಣ ಹಾಕಿರುತ್ತಾರೆ. ರಾತ್ರಿ ರಾಶಿ ಮಾಡಿ, ಮೇಲೆ ತಾಡಪಾಲು ಹೊದಿಸಿ, ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲು ಇಟ್ಟಿರುತ್ತಾರೆ. ಕಪ್ಪು ತಾಡಪಾಲು, ಕಪ್ಪು ಕಲ್ಲು, ದೀಪವಿಲ್ಲದ ರಸ್ತೆ. ಬೈಕಿನವರಿಗೆ ಇದಕ್ಕಿಂತ ದೊಡ್ಡ ಅಪಾಯ ಈ ದಾರಿಯಲ್ಲಿ ಇನ್ನೊಂದಿಲ್ಲ. ತಡವಾಗಿ ಸಿಕ್ಕಿಹಾಕಿಕೊಂಡರೆ ಮುಂದೆ ಹೋಗುವ ಬಸ್ಸಿನ ಹಿಂದೆ ಅಂತರ ಬಿಟ್ಟು ನಿಧಾನವಾಗಿ ಬನ್ನಿ, ಹುಲಿಗಿ ದಾಟಿ ಹೆದ್ದಾರಿ ಹತ್ತಿದರೆ ಕೊಪ್ಪಳ ಅರ್ಧ ಗಂಟೆ. ಖಾನಾವಳಿ ಬಾಗಿಲು ಹಾಕುವುದರೊಳಗೆ ಮುಟ್ಟುತ್ತೀರಿ.